ಅಕ್ಕ ಆರಿಸಿದ ಮತ್ತಿ ತೊಲೆ

ಅಕ್ಕ ನನಗೆ ಹೇಳಿಹೋಗಿದ್ದು ಒಂದೇ ಕೆಲಸ. ನೆರಳಿನಲ್ಲಿ ಒಣಗಲು ಇಟ್ಟ ಎರಡು ತೊಲೆಗಳನ್ನು ದಿನಕ್ಕೊಮ್ಮೆ ಮಗ್ಗುಲು ಹೊರಳಿಸುವುದು. ನಾನು ಹೊರಳಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟವನು ನಾನು, ಕತೆಯನ್ನು ಕೊನೆಯವರೆಗೆ ಬಚ್ಚಿಡುವ ಜಾಣತನ ನನಗಿಲ್ಲ.

ನಮ್ಮ ಅಕ್ಕ ಮನುಷ್ಯರಿಗಿಂತ ಮರಗಳನ್ನು ಹೆಚ್ಚು ವಿಚಾರಿಸಿಕೊಳ್ಳುವ ಹೆಂಗಸು. ನನಗೆ ಹೆಣ್ಣು ನೋಡಲು ಸಿರಿಗೇರಿಗೆ ಹೋದಾಗ, ಕೊಟ್ಟ ಬೆಲ್ಲದ ಚಾ ಆರುವುದರೊಳಗೆ "ಹುಡುಗಿ ಅಡ್ಡಿಯಿಲ್ಲ" ಎಂದು ಎದ್ದುಬಿಟ್ಟಳು. ಅಷ್ಟು ಹೊತ್ತೂ ಅವಳು ನೋಡುತ್ತಿದ್ದದ್ದು ಆ ಮನೆಯ ಬಾಗಿಲ ಚೌಕಟ್ಟನ್ನಂತೆ. ದಾರಿಯಲ್ಲಿ ಹೇಳಿದಳು: "ಬೇವಿನ ಚೌಕಟ್ಟು, ಎಲ್ಲೂ ಒಂದು ಬಿರುಕಿಲ್ಲ. ಅಂಥಾದ್ದು ಆರಿಸಿದೋರ ಮನ್ಯಾಗ ಮಗಳು ಕೆಟ್ಟಾಕಿ ಹೆಂಗಾದಾಳು?" ನನ್ನ ಹೆಂಡತಿಗೆ ಈ ಸಂಗತಿಯನ್ನು ನಾನು ಈವರೆಗೂ ಹೇಳಿಲ್ಲ. ಹೇಳಿ ಬದುಕುವುದುಂಟೆ?

ನಮ್ಮದು ಸಿರುಗುಪ್ಪದ ಹೊಳೆದಂಡೆಯಲ್ಲಿ ಮಂದಿ ದಾಟಿಸುವ ದೋಣಿ. ಆಗ ಹೊಳೆಯ ಆಚೆ ದಂಡೆ ನಿಜಾಮನದು. ಅಪ್ಪ ಸತ್ತಿದ್ದ. ಅಕ್ಕ ಬಹಳ ಹಿಂದೆಯೇ ಗಂಡನನ್ನು ಕಳೆದುಕೊಂಡು ಮಗಳ ಕೈ ಹಿಡಿದು ತವರಿಗೆ ಬಂದಿದ್ದಳು. ಹುಟ್ಟು ಹಾಕುವವನು ನಾನು, ಯಜಮಾನಿಕೆ ಅವಳದು. ಆ ವರ್ಷ ದೋಣಿಯ ಉದ್ದ ತೊಲೆಗಳು ಕೊಳೆತವು. ದೋಣಿಯ ಒಳಗೆ ಮೂತಿಯಿಂದ ಬಾಲದವರೆಗೆ ಹೋಗುವ ತೊಲೆಗಳು ಅವು. ಹಲಗೆಗಳನ್ನೆಲ್ಲ ಬಿಗಿಹಿಡಿಯುವುದು ಅವೇ. ಅವು ಹೋದರೆ ದೋಣಿ ನಡು ಬಿದ್ದ ಎಮ್ಮೆಯ ಹಾಗೆ ಕೂತುಬಿಡುತ್ತದೆ.

ನಾನು ಸುಲಭದ ದಾರಿ ತೋರಿಸಿದೆ. "ಊರ ತುಂಬ ಕರಿಜಾಲಿ ಐತಲ್ಲಕ್ಕ, ಕಬ್ಬಿಣದಂಥಾದ್ದು."

"ಗಟ್ಟಿ ಐತಿ ಖರೆ. ನೆಟ್ಟಗ ನಿಂತ ಜಾಲಿ ಎಲ್ಲೆರ ನೋಡೀಯೇನಲೇ? ನಿನ್ನಂಗ ಅದು, ಶಕ್ತಿ ಭಾಳ, ಎಲ್ಲಾ ಸೊಟ್ಟ."

ಸಾಗುವಾನಿ ತರೋಣವೆಂದರೆ, ಹೊಸಪೇಟೆ ಕಡೆ ಡ್ಯಾಮಿನ ಕೆಲಸ ನಡೆದಿತ್ತು. ಉದ್ದನೆಯ ಸಾಗುವಾನಿ ಇದ್ದದ್ದೆಲ್ಲ ಅಲ್ಲಿಗೇ ಹೋಗುತ್ತಿತ್ತು. ಉಳಿದದ್ದು ಮತ್ತಿ. ನೀರಿಗೆ ಜಗ್ಗುವುದಿಲ್ಲ, ಆದರೆ ಒಣಗಿಸುವಾಗ ಬಲು ಹಟದ ಮರ. ಅಕ್ಕನಿಗೆ ಹಟದವರೆಂದರೆ ಪ್ರೀತಿ. ಇಬ್ಬರೂ ಬಳ್ಳಾರಿಗೆ ಹೋದೆವು.

ಕೌಲ್ ಬಜಾರಿನ ಕಟ್ಟಿಗೆ ಅಡ್ಡೆಯಲ್ಲಿ ಅವಳು ಮಾಡಿದ್ದನ್ನು ಏನೆಂದು ಹೇಳಲಿ! ಸೆರಗು ಬಿಗಿದು ತೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ತುದಿಗೆ ನೀರು ಸುರಿದು ಅದು ಎಷ್ಟು ಕುಡಿಯುತ್ತದೆಂದು ನೋಡಿದಳು. ಒಂದು ತುದಿಯಲ್ಲಿ ನನ್ನನ್ನು ಕೂರಿಸಿ ಉಗುರಿನಿಂದ ಕೆರೆಯಲು ಹೇಳಿ, ಇನ್ನೊಂದು ತುದಿಗೆ ತಾನು ಕಿವಿ ಹಚ್ಚಿದಳು. ಒಳಗೆ ಟೊಳ್ಳಿದ್ದರೆ ಸದ್ದು ದಾಟುವುದಿಲ್ಲವಂತೆ. ಹೋಗಿಬರುವ ಹಮಾಲರೆಲ್ಲ ನಿಂತು ನೋಡಿದರು. ನಾನು ತಲೆ ತಗ್ಗಿಸಿ ಇಲಿಯ ಹಾಗೆ ಕೆರೆಯುತ್ತಿದ್ದೆ. ಕೊನೆಗೆ ಒಂದು ಚೂರು ಸೀಳಿ ನಾಲಿಗೆಗೆ ಹಚ್ಚಿಕೊಂಡಳು. ಅಡ್ಡೆಯ ಸಾಹೇಬರು ಗಡ್ಡ ನೀವುತ್ತ ಬಂದರು.

"ಅಮ್ಮಾ, ಕಟ್ಟಿಗಿ ನೆಕ್ಕಿ ಖರೀದಿ ಮಾಡೋರನ್ನ ನಾ ಇವತ್ತೇ ನೋಡಿದ್ದು."

"ಬೆಲ್ಲ ತಗೊಳ್ಳಾಗ ನೆಕ್ಕಂಗಿಲ್ಲೇನ್ರಿ ಸಾಹೇಬ್ರ? ಬೆಲ್ಲಕ್ಕ ನಾಕು ದಿನದ ಆಯುಷ್ಯ. ಇದರ ಮ್ಯಾಲೆ ನನ್ನ ತಮ್ಮ ಹೊಳಿಗೆ ಇಳೀತಾನ."

ಅದನ್ನು ನಾನು ಬೆಲೆ ಇಳಿಸುವ ಮಾತೆಂದುಕೊಂಡೆ. ಅಷ್ಟರಲ್ಲಿ ಅವಳ ಬೆರಳು ಒಂದು ತೊಲೆಯ ಮೇಲೆ ನಿಂತಿತು. "ಇಲ್ಲಿ ಗಂಟು ಐತಿ. ಮ್ಯಾಲೆ ಮೇಣ ತುಂಬೀರಿ." ಸಾಹೇಬರು ಬಗ್ಗಿ ನೋಡಿ, "ನಾನಲ್ಲಮ್ಮಾ, ಕಾಡಿನೋರ ಕೆಲಸ" ಎಂದರು. ಆಮೇಲೆ ಅವರೇ ಚಾ ತರಿಸಿಕೊಟ್ಟು, ಹೊಸದಾಗಿ ಬಂದ ಮಾಲನ್ನೂ ಅವಳಿಂದ ನೋಡಿಸಿಕೊಂಡರು. ಈ ಸುದ್ದಿ ಸಿರುಗುಪ್ಪಕ್ಕೆ ನಮಗಿಂತ ಮುಂಚೆ ಬಂದಿತ್ತು. ಒನಕೆ ಮಾಡಿಸುವವರು, ತೊಟ್ಟಿಲು ಮಾಡಿಸುವವರು ನಮ್ಮ ಮನೆ ಮುಂದೆ ನಿಂತರು.

ಆರಿಸಿದ ತೊಲೆಗಳನ್ನು ಹೊಳೆಯಲ್ಲಿ ನೆನೆಹಾಕಿ, ತೆಗೆದು, ನೆರಳಿಗಿಟ್ಟಳು. ಆಗಲೇ ಕುರುಗೋಡಿಗೆ ಮದುವೆ ಮಾಡಿಕೊಟ್ಟಿದ್ದ ಮಗಳ ಹೆರಿಗೆಗೆ ಕರೆ ಬಂತು. ತೊಲೆಗಳಿಗೆ ಹೇಳಿದಳೋ ನನಗೆ ಹೇಳಿದಳೋ, "ದಿನಾ ಮಗ್ಗಲ ಬದಲಿಸು, ಇಲ್ಲಂದ್ರ ಮುನಿಸಿಕೊಳ್ಳತಾವ" ಎಂದು ಬಂಡಿ ಹತ್ತಿದಳು.

ಆ ದಿನಗಳಲ್ಲಿ ನಾನೊಬ್ಬ ಕಲಾವಿದ. ಮಾವನ ಊರಿನ ಬಯಲಾಟದಲ್ಲಿ ನನಗೆ ಬಾಗಿಲು ಕಾಯುವವನ ಪಾತ್ರ. ಮಾತು ಒಂದೇ: "ಅಪ್ಪಣೆ ಮಹಾಪ್ರಭು." ಅದನ್ನು ಕಲಿಯಲು ಸಿರಿಗೇರಿಯಲ್ಲೇ ಉಳಿದುಬಿಟ್ಟೆ. ಅತ್ತೆಯ ಮನೆಯ ಅಡುಗೆಯೂ ಚೆನ್ನಾಗಿತ್ತೆನ್ನಿ.

ಬಂದು ನೋಡಿದರೆ ಒಂದು ತೊಲೆ ಬಿಲ್ಲಾಗಿತ್ತು, ಇನ್ನೊಂದು ಸೀಳಿತ್ತು. ಮರುದಿನವೇ ಅಕ್ಕ ಬಂದಳು. ಬುತ್ತಿಯ ಗಂಟನ್ನೂ ಇಳಿಸದೆ ತೊಲೆಗಳ ಮುಂದೆ ನಿಂತಳು.

"ಹೊರಳಿಸೀಯೇನಲೇ?"

"ದಿನಾ ಹೊರಳಿಸೀನಿ, ಅಕ್ಕ."

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ನನ್ನ ಮಾತನ್ನು ನಂಬಿಬಿಟ್ಟಳು. "ಹಂಗಾರ ನನ್ನ ಕಣ್ಣೇ ಸರಿಯಿಲ್ಲ" ಎಂದು ಒಳಗೆ ಹೋದಳು.

ಅಂದಿನಿಂದ ಅವಳು ಮರ ಮುಟ್ಟಲಿಲ್ಲ. ಒನಕೆಗೆಂದು ಬಂದವರನ್ನು "ನನಗೇನು ತಿಳೀತೈತವ್ವಾ" ಎಂದು ಕಳಿಸಿದಳು. ಸಂತೆಯಲ್ಲಿ ಬದನೆಕಾಯಿ ಆರಿಸಲೂ ನನ್ನನ್ನೇ ಕರೆಯತೊಡಗಿದಳು. ನಾನು ಆರಿಸಿದ ಬದನೆಕಾಯಿಯಲ್ಲಿ ಹುಳ ಇಲ್ಲದ್ದೊಂದು ಸಿಕ್ಕರೆ ನನ್ನ ಪುಣ್ಯ. ಅದನ್ನೇ ಕೆತ್ತಿ ಕೆತ್ತಿ ಪಲ್ಯ ಮಾಡಿ, "ಛಲೋ ತಂದೀಯಪಾ" ಎಂದು ನನಗೇ ಹೆಚ್ಚು ಬಡಿಸುತ್ತಿದ್ದಳು. ನುಂಗುವುದು ಕಷ್ಟವಾಗುತ್ತಿತ್ತು. ಹುಳದಿಂದಲ್ಲ.

ದೋಣಿ ದಂಡೆಯ ಮೇಲೆ ಮಗುಚಿ ಬಿದ್ದಿತ್ತು. ಮತ್ತೆ ತೊಲೆ ತರಬೇಕು. "ನೀನೇ ಆರಿಸು, ನಾ ಬರೇ ಜೋಡಿಗೆ ಬರತೀನಿ" ಎಂದು ಅಕ್ಕ ಬಳ್ಳಾರಿಗೆ ಬಂದಳು. ಸಾಹೇಬರು "ಬರ್ರಿ ಅಮ್ಮಾ, ನಿಮಗಂತನ ಮತ್ತಿ ತೆಗೆದಿಟ್ಟೀನಿ" ಎಂದರೆ, "ಈಗ ಇವನೇ ಯಜಮಾನ್ರಿ" ಎಂದು ನನ್ನನ್ನು ಮುಂದೆ ತಳ್ಳಿದಳು.

ಯಜಮಾನ ತೊಲೆ ತಟ್ಟಿದ. ನೀರು ಸುರಿದ. ನೆಕ್ಕಿದ. ನಾಲಿಗೆಗೆ ಸಿಬಿರು ಚುಚ್ಚಿತು. ಸಾಹೇಬರು ಮುಖ ಆ ಕಡೆ ತಿರುಗಿಸಿ ಕೆಮ್ಮಿದರು. ಎಲ್ಲ ತೊಲೆಗಳೂ ನನಗೆ ಒಂದೇ ಥರ ಕಂಡವು. ಸುಮ್ಮನೆ ಒಂದನ್ನು ತೋರಿಸಿ, "ಇದು ಹೆಂಗಕ್ಕ?" ಎಂದೆ.

ಅವಳು ನೋಡಿದಳು. ಅವಳ ಕೈ ಸೆರಗಿನಿಂದ ಹೊರಬಂದು ಪಕ್ಕದ ತೊಲೆಯವರೆಗೆ ಹೋಯಿತು, ಮಂದಿಯ ಕೂಸನ್ನು ಎತ್ತಿಕೊಳ್ಳಲೋ ಬೇಡವೋ ಎಂಬಂತೆ. ಮುಟ್ಟದೆ ಹಿಂದಕ್ಕೆ ಬಂತು.

"ನೀ ನೋಡಿದಿ ಅಂದ್ರ ಸರಿ ಇರತೈತಿ ತಮ್ಮಾ," ಎಂದಳು. "ನನ್ನ ಕೇಳಬ್ಯಾಡ. ನಾ ಆರಿಸಿದ್ದು ನಂಬಿ ನೀ ನಡುಹೊಳ್ಯಾಗ ಹೋಗಿದ್ರ ಏನಾಗತಿತ್ತು? ಅದು ನೆನೆಸಿಕೊಂಡ್ರ ನನಗ ನಿದ್ದಿ ಬರವಲ್ದು."

ನಾನು ನೆಲ ನೋಡುತ್ತ ಹೇಳಬೇಕಾದ್ದನ್ನು ಹೇಳಿದೆ. ಹಿಂದೆ ಇಬ್ಬರು ದಿಮ್ಮಿ ಕೊಯ್ಯುತ್ತಿದ್ದರು.

"ಏನಂದಿ? ಗರಗಸದ ಸದ್ದಿನಾಗ ಕೇಳವಲ್ದು."

ಮತ್ತೆ ಹೇಳಿದೆ. ಅವಳು ಕಿವಿಗೆ ಕೈ ಹಚ್ಚಿ ಹತ್ತಿರ ಬಂದಳು. ಸಾಹೇಬರು ನನ್ನ ಮುಖ ನೋಡಿ ಏನು ಕಂಡರೋ, ಕೊಯ್ಯುವವರಿಗೆ ಕೈಯೆತ್ತಿದರು. ಗರಗಸ ನಿಂತಿತು. ಹಮಾಲರು ಹೊತ್ತದ್ದನ್ನು ಹೊತ್ತುಕೊಂಡೇ ತಿರುಗಿದರು. ಅಡ್ಡೆಗೆ ಅಡ್ಡೆಯೇ ಸುಮ್ಮನಾಗಿರುವಾಗ ಮೆಲ್ಲಗೆ ಹೇಳುವ ದಾರಿ ಉಳಿಯಲಿಲ್ಲ.

"ನಿನ್ನ ಕಣ್ಣಿಗೇನೂ ಆಗಿಲ್ಲಕ್ಕ. ಆ ತೊಲಿ ಛಲೋನೇ ಇದ್ದವು. ನಾ ಒಂದು ದಿನಾನೂ ಮುಟ್ಟಲಿಲ್ಲ, ಮುಟ್ಟೀನಂತ ಸುಳ್ಳು ಹೇಳಿದೆ. ತಪ್ಪಾತು, ಹೊಟ್ಟಿಗೆ ಹಾಕ್ಕೊ."