ಮೀನು ಮಾರುವ ಅಕ್ಕನ ಐದನೇ ಬೆರಳು

ಕಾರ್ಟೂನ್ ಪಾತ್ರಗಳಿಗೆ ಮೂಗು, ಕಣ್ಣು, ಹೊಟ್ಟೆ ಕೊಡುವುದು ನನ್ನ ಕೆಲಸ. ಇಂಥದ್ದೊಂದು ಕೆಲಸ ಇದೆ ಎಂದೇ ಊರಿಗೆ ಗೊತ್ತಿರದ ಕಾಲದಲ್ಲಿ ಮುಂಬಯಿಗೆ ಹೋಗಿ, ಅಡಿಯಲ್ಲಿ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಕಾಗದ ಇಟ್ಟು ಕಲಿತವಳು ನಾನು. ಈಗ ಅಂಕೋಲೆಯ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಬಿಡಿಸುತ್ತೇನೆ. ಕಂಡವರ ಮುಖ, ನಡಿಗೆಯನ್ನೆಲ್ಲ ಕಣ್ಣರಳಿಸಿ ನೋಡುವ ಚಟ ಇರುವ ತನಕ ಫಜೀತಿ ತಪ್ಪುವುದಿಲ್ಲ.

ಕಿಟಕಿ ಸೀಟು

ಪಾತ್ರಕ್ಕೆ ಸಿಟ್ಟು ಬರಬೇಕಾದರೆ ಮೊದಲು ನಮಗೆ ಬರಬೇಕು. ಕನ್ನಡಿಯಲ್ಲಿ ಹುಬ್ಬು ಗಂಟಿಕ್ಕಿ, ಹಲ್ಲು ಕಡಿದು, ಅದನ್ನೇ ನೋಡಿ ಬಿಡಿಸುವುದು ನಮ್ಮವರ ರೂಢಿ. ಒಮ್ಮೆ ಊರ ಬದಿಯ ಬಾಳೆಗುಳಿಯಲ್ಲಿ ಕಾರವಾರದ ಬಸ್ ಹತ್ತಿ, ಹೊತ್ತು ಹೋಗಲಿ ಎಂದು ಕಿಟಕಿಯ ಗಾಜಿನಲ್ಲೇ ಅಭ್ಯಾಸಕ್ಕಿಳಿದೆ. ಕಿಟಕಿ ಬದಿ ಕೂತಿದ್ದವರು ಗಡಬಡಿಸಿ ಎದ್ದರು.

"ಅಕ್ಕಾ, ಕಿಟಕಿ ಬೇಕಾದ್ರೆ ಬಾಯಲ್ಲೇ ಕೇಳಿ. ಹಂಗೆಲ್ಲ ನೋಡ್ಬೇಡಿ."

ಬೇಡ ಎನ್ನಲಿಲ್ಲ, ಕೂತೆ. ಗಾಳಿ ಚೆನ್ನಾಗಿತ್ತು.

ಬೆನ್ನ ಹಿಂದೆ

ಇಷ್ಟು ವರ್ಷ ಬೇರೆಯವರು ಹುಟ್ಟಿಸಿದ ಪಾತ್ರಗಳನ್ನೇ ತಿದ್ದಿದವಳಿಗೆ ಕೊನೆಗೂ ಸ್ವಂತದ್ದೊಂದು ಸಿಕ್ಕಿತು: ಮೀನು ಮಾರುವ ಹೆಂಗಸು. ಕಾರವಾರದ ಮೀನು ಬಂದರು ಬೈತಖೋಲದಲ್ಲಿ ಒಬ್ಬ ಅಕ್ಕನನ್ನು ಕಂಡದ್ದೇ, ಇವಳೇ ಸೈ ಎಂದುಕೊಂಡೆ. ಅಲ್ಲಿನ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ. ನೂರು ರೂಪಾಯಿಗೆ ನಾಲ್ಕು ಮೀನು ಎಂದು ಅವಳು ನಾಲ್ಕು ಬೆರಳೆತ್ತಿದರೆ, ಐದು ಕೊಡು ಎಂದು ಗಿರಾಕಿಗಳು ಐದನ್ನೂ ಬಿಚ್ಚಿ ತೋರಿಸುತ್ತಾರೆ.

ಪಾತ್ರವನ್ನು ಹಿಂದಿನಿಂದಲೂ ಬಿಡಿಸಬೇಕಲ್ಲ, ಅವಳ ಬೆನ್ನ ಹಿಂದೆ ನಿಂತು ತುರುಬು ನೋಡತೊಡಗಿದೆ. ತಿರುಗಿದರೆ ನನ್ನ ಹಿಂದೆ ಗಿರಾಕಿಗಳ ಸಾಲು! ಒಬ್ಬರು ಪಿಸುಗುಟ್ಟಿದರು: "ಒಳ್ಳೆ ಬಂಗಡೆ ಹಿಂದೆ ಇಟ್ಟಿದ್ಲಾ?"

ನಾಲ್ಕೇ ಬೆರಳು

ಅವಳ ರೂಪ ತೆಗೆದುಕೊಂಡ ಮೇಲೆ ಅವಳ ಒಪ್ಪಿಗೆ ಬೇಕು. ಬೇಡ ಎಂದರೆ ಕಳಿಸುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಕೆಲಸ ಕೊಟ್ಟ ಮುಂಬಯಿಯ ಸ್ಟುಡಿಯೋದವರಿಗೆ ಚಿತ್ರ ಮರುದಿನವೇ ಬೇಕಿತ್ತು. ಅವಳು ಒಲ್ಲೆ ಎಂದರೆ ನನ್ನ ಮೊದಲ ಸ್ವಂತ ಪಾತ್ರ ಅಲ್ಲಿಗೇ ಮುಗಿಯಿತು. ಚಿತ್ರವನ್ನು ಅವಳ ಮುಂದೆ ಹಿಡಿದೆ.

ಚಿತ್ರ ನೋಡಿದಳು. ಮೂಗುತಿ ಸರಿ, ತುರುಬಿನ ಅಬ್ಬಲಿಗೆ ಸರಿ. ಕೈಯ ಹತ್ತಿರ ಬಂದದ್ದೇ ಅವಳ ಕಣ್ಣು ಅಲ್ಲೇ ನಿಂತಿತು.

"ಯೇ ತಂಗಿ, ನಾಕೇ ಬೆರಳು! ಇನ್ನೊಂದು ಎಂತ ಮಾಡ್ದೆ?"

"ಕಾರ್ಟೂನಿನಲ್ಲಿ ಹಂಗೇ ಅಕ್ಕಾ. ಸಾವಿರಾರು ಸಲ ಬಿಡಿಸ್ಬೇಕು. ಒಂದು ಬೆರಳು ಕಮ್ಮಿ ಆದ್ರೆ ಅಷ್ಟು ಕೆಲಸ ಕಮ್ಮಿ."

"ನಿನ್ನ ಕೆಲಸ ಹಗುರ ಆಗೂಕೆ ನನ್ನ ಬೆರಳಾ?"

ಮುಖ ಗಂಟಾಯಿತು. ನಾನು ಆಸೆ ಬಿಟ್ಟೆ. ಅವಳು ಮತ್ತೆ ಚಿತ್ರ ನೋಡಿ ಕೇಳಿದಳು, "ಇದ್ರಲ್ಲಿ ಗಿರಾಕಿಗಳಿಗೆ ಎಷ್ಟು ಬೆರಳು?"

"ಅವ್ರಿಗೂ ನಾಕೇ."

ಅವಳ ಮುಖ ಅರಳಿತು.

"ಹಂಗಾದ್ರೆ ಅಡ್ಡಿಲ್ಲ, ಕಳ್ಸು. ನಾಕು ಮೀನು ಕೊಟ್ರೆ ಐದು ತೋರಿಸೂಕೆ ಒಬ್ಬರ ಕೈಲೂ ಆಗೂದಿಲ್ಲ!"