ಕಾಯಿಲೆಯೇ ಕ್ವಾಲಿಫಿಕೇಶನ್ನು

ನನ್ನ ಕೆಲಸವೇ ಅಂಥದ್ದು, ಆಗಾಗ ಒಂದು ತಮಾಷೆ ನಡೆಯದಿದ್ದರೆ ನನಗೇ ಏನೋ ಕಳೆದುಕೊಂಡ ಹಾಗಾಗುತ್ತದೆ. ಹಿಂದೆ ನನಗೆ ಮನಸ್ಸಿನ ಕಾಯಿಲೆ ಬಂದಿತ್ತು. ಯಾರೂ ಮಾತಾಡದಿದ್ದರೂ ಮಾತು ಕೇಳಿಸುತ್ತಿತ್ತು. ಡಾಕ್ಟರು, ಮಾತ್ರೆ, ಮನೆಯವರು ಎಲ್ಲರೂ ಸೇರಿ ನನ್ನನ್ನು ಎಬ್ಬಿಸಿ ಕೂರಿಸಿದರು. ಮಾತ್ರೆ ಈಗಲೂ ನಡೆಯುತ್ತಿದೆ. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಈ ಕಾಯಿಲೆಯ ಬಗ್ಗೆ ಸಂಶೋಧನೆ ಮಾಡಲು ಒಂದು ತಂಡ ಬಂತು. ಓದಿದವರ ಜೊತೆಗೆ ಅನುಭವಿಸಿದವರೂ ತಂಡದಲ್ಲಿರಬೇಕು ಎಂದರು. ನಾನು ಸೇರಿಕೊಂಡೆ.

ತೊಡಕೊಂದೇ. ಆಗ ನನ್ನ ಮಗಳಿಗೆ ಗಂಡು ನೋಡುತ್ತಿದ್ದೆವು. ತಾಯಿಯ ಕಾಯಿಲೆ ಗೊತ್ತಾದರೆ ಯಾರು ಹೆಣ್ಣು ತಂದುಕೊಳ್ಳುತ್ತಾರೆ ಎಂದು ನಮ್ಮತ್ತೆಗೆ ಹೆದರಿಕೆ. ನನಗೂ ಇತ್ತು, ಸುಳ್ಳೇಕೆ ಹೇಳಲಿ.

ಇಂಟರ್‌ವ್ಯೂ

ಅಲ್ಲಿಯವರೆಗೆ ಎಲ್ಲಿಗೆ ಕೆಲಸ ಕೇಳಿಕೊಂಡು ಹೋದರೂ ಕಾಯಿಲೆ ಮುಚ್ಚಿಟ್ಟೇ ಅಭ್ಯಾಸ. ಇಲ್ಲಿ ತಂಡದ ಮೇಡಂ ಮೊದಲು ಕೇಳಿದ್ದೇ ಅದನ್ನು. ನಾನು ಸಂಕೋಚದಿಂದ, ಅಷ್ಟೇನೂ ಜೋರಿರಲಿಲ್ಲ ಎಂದೆ. ಅವರ ಮುಖ ಸಪ್ಪಗಾಯಿತು. ಕೂಡಲೇ ತಿದ್ದಿಕೊಂಡು, ಇಲ್ಲ ಮೇಡಂ, ಬಹಳ ಜೋರಿತ್ತು, ಆಸ್ಪತ್ರೆಗೂ ಸೇರಿಸಿದ್ದರು ಎಂದೆ. ಅವರಿಗೆ ಸಮಾಧಾನವಾಯಿತು.

ಕೆಲಸ ಸಿಕ್ಕಿತೆಂದು ಮನೆಗೆ ಬಂದು ಹೇಳಿದಾಗ ಅತ್ತೆ ಹತ್ತಿರ ಕರೆದು ಪಿಸುಗುಟ್ಟಿದರು: "ಪೂರ್ತಿ ಹುಷಾರಾಗಿದೀನಿ ಅಂತ ಅಲ್ಲಿ ಬಾಯಿಬಿಡ್ಬೇಡ ಕಣೇ, ಕೆಲ್ಸದಿಂದ ತೆಗ್ದುಬಿಟ್ಟಾರು."

ಬೀದಿಯವರಿಗೆ ಹೇಳಿದ್ದು

ಬೀದಿಯಲ್ಲಿ ಮಾತ್ರ ಅತ್ತೆ ಬೇರೆಯೇ ಸುದ್ದಿ ಹಬ್ಬಿಸಿದರು. ನಮ್ಮ ಸೊಸೆ ಬಿ.ಪಿ., ಶುಗರ್ ಬಗ್ಗೆ ರಿಸರ್ಚ್ ಮಾಡುತ್ತಾಳೆ ಎಂದರು. ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿಯ ಮೇಲೆ ಮೂರ್ನಾಲ್ಕು ಜನ ಬೆರಳು ಚಾಚಿಕೊಂಡು ಕೂತಿದ್ದಾರೆ. ಕಾಫಿ ಕೊಡಲು ಹೋದರೆ ಬೇಡವೇ ಬೇಡ, ಖಾಲಿ ಹೊಟ್ಟೆಯಲ್ಲಿ ಬಂದಿದ್ದೇವೆ ಎಂದರು.

ಮಷೀನು ಇನ್ನೂ ಬಂದಿಲ್ಲ ಎಂದು ನಾನು ಹೇಗೋ ಜಾರಿಕೊಳ್ಳುವಷ್ಟರಲ್ಲಿ ಅತ್ತೆಯೇ ಹೊರಗೆ ಬಂದು ಒಬ್ಬ ಅಜ್ಜನ ಮುಂಗೈ ಹಿಡಿದು ಕಣ್ಣು ಮುಚ್ಚಿದರು. ಸ್ವಲ್ಪ ಜಾಸ್ತಿ ಐತೆ, ಸಿಹಿ ಬಿಡು ಎಂದರು. ಅಜ್ಜ ಅವತ್ತೇ ಸಿಹಿ ಬಿಟ್ಟ. ಅವನ ಹೆಂಡತಿ ನನಗೆ ಕೈಮುಗಿದು ಹೋದಳು.

ತರೀಕೆರೆಯ ಕಿಟಕಿ

ತಂಡದ ಪ್ರಶ್ನೆಗಳೆಲ್ಲ ಇಂಗ್ಲಿಷಿನಿಂದ ಕನ್ನಡಕ್ಕೆ ಬಂದಂಥವು. 'ನಿಮ್ಮನ್ನು ಯಾರಾದರೂ ಸದಾ ಗಮನಿಸುತ್ತಿದ್ದಾರೆ ಎಂದು ಅನಿಸುತ್ತದೆಯೇ?' ಎಂಬುದು ಅದರಲ್ಲಿ ಒಂದು. ತರೀಕೆರೆಯಲ್ಲಿ ಒಬ್ಬ ಹೆಂಗಸಿಗೆ ಮೇಡಂ ಇದನ್ನು ಕೇಳಿದರು. ಹೌದು, ಸದಾ ಎಂದಳು ಆಕೆ. ಮೇಡಂ ಗಂಭೀರವಾಗಿ, ಯಾರು ಗಮನಿಸುತ್ತಾರೆ ಎಂದರು. ಆಕೆ ಹೊರಗೆ ಕೈತೋರಿಸಿದಳು. ಎದುರುಮನೆ ಕಿಟಕಿಯಲ್ಲಿ ಒಬ್ಬಳು ಗದ್ದ ಊರಿಕೊಂಡು ನಮ್ಮನ್ನೇ ನೋಡುತ್ತಿದ್ದಳು. ಸಿಕ್ಕಿಬಿದ್ದದ್ದಕ್ಕೆ ಅವಳಿಗೆ ನಾಚಿಕೆಯೇನೂ ಆಗಲಿಲ್ಲ. ಯಾರು ಬಂದಿರೋದು ಎಂದು ಅಲ್ಲಿಂದಲೇ ವಿಚಾರಿಸಿದಳು.

ವಾಪಸ್ ಬರುತ್ತಾ ಬಸ್ಸಿನಲ್ಲಿ ಮೇಡಂ ನಕ್ಕೂ ನಕ್ಕೂ ಸುಸ್ತಾಗಿ, ನಿಮಗೆ ಆಗ ಹೇಗನಿಸುತ್ತಿತ್ತು ಎಂದು ಕೇಳಿದರು. ಕಾಯಿಲೆಯಲ್ಲಿದ್ದಾಗ ಇಡೀ ಬೀದಿ ನನ್ನ ಬಗ್ಗೆಯೇ ಮಾತಾಡಿಕೊಳ್ಳುತ್ತಿದೆ ಅನಿಸುತ್ತಿತ್ತು ಎಂದೆ. ಹುಷಾರಾದ ಮೇಲೆ ವಿಚಾರಿಸಿದೆ. ನಿಜವಾಗಿಯೂ ಮಾತಾಡಿಕೊಳ್ಳುತ್ತಿತ್ತು.

ಅಜ್ಜಂಪುರದ ಸಂಬಂಧ

ಅಜ್ಜಂಪುರದಲ್ಲಿ ಕಾಯಿಲೆ ಅನುಭವಿಸಿದವರ ಮೀಟಿಂಗ್ ಮಾಡಿದೆವು. ಎಲ್ಲರೂ ಬಾಯಿಬಿಟ್ಟು ಮಾತಾಡಲಿ ಎಂದು ನಾನೇ ಒಂದು ನಿಯಮ ಮಾಡಿದೆ: ಇಲ್ಲಿ ಕಂಡವರನ್ನು ಹೊರಗೆ ಕಂಡರೆ ಗುರುತು ಹಿಡಿಯಬಾರದು. ನನ್ನ ಪಕ್ಕ ಕೂತಿದ್ದ ಹೆಂಗಸು, ಒಳ್ಳೆಯ ನಿಯಮ ಎಂದು ನನ್ನ ಕೈ ಒತ್ತಿದರು. ಬಹಳ ನಗುವ ಹೆಂಗಸು. ನನಗೆ ತುಂಬ ಹಿಡಿಸಿದರು.

ಆ ಭಾನುವಾರವೇ ಕಡೂರಿನ ನಮ್ಮ ಮನೆಗೆ ಗಂಡಿನ ಕಡೆಯವರು ಬಂದರು. ಕಾರಿನಿಂದ ಇಳಿದ ಹುಡುಗನ ತಾಯಿ ಅವರೇ!

ನಿಯಮ ನಿಯಮವೇ. ನಾನು ಫ್ಯಾನು ನೋಡಿದೆ, ಅವರು ಕ್ಯಾಲೆಂಡರ್ ನೋಡಿದರು. ಉಪ್ಪಿಟ್ಟಿನ ತಟ್ಟೆಯನ್ನು ಮುಖ ತಿರುಗಿಸಿಕೊಂಡೇ ಕೊಟ್ಟೆ, ಅವರೂ ಮುಖ ತಿರುಗಿಸಿಕೊಂಡೇ ತೆಗೆದುಕೊಂಡರು. ಹುಡುಗನೂ ಹುಡುಗಿಯೂ ಒಪ್ಪಿಕೊಂಡಾಗಿತ್ತು. ಜೊತೆಗೆ ಬಂದಿದ್ದ ಹಿರಿಯರು ಬೆಡಗನ್ನೂ ವಿಚಾರಿಸಿ, ಬೇರೆ ಬೇರೆ ಐತೆ, ಅಡ್ಡಿಯಿಲ್ಲ ಎಂದಿದ್ದರು. ಬೆಡಗು ಅಂದರೆ ಗೋತ್ರದ ಹಾಗೆ, ತಂದೆಯ ಕಡೆಯಿಂದ ಬರುವುದು; ಒಂದೇ ಆದರೆ ಅಣ್ಣ-ತಂಗಿ ಲೆಕ್ಕ, ನಮ್ಮಲ್ಲಿ ಮದುವೆ ಮಾಡುವುದಿಲ್ಲ. ಎಲ್ಲವೂ ಸರಿಯಿತ್ತು, ತಾಯಂದಿರು ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ.

ಅತ್ತೆ ಅಡುಗೆಮನೆಗೆ ಕರೆದು, ಬೀಗಿತಿ ಆಗೋಳ ಹತ್ರ ಇದೆಂಥ ಬಿಂಕವೇ ನಿಂದು ಎಂದು ಗದರಿದರು. ಹೊರಗೆ ಹುಡುಗನ ತಂದೆ, ಎರಡು ಮನೆಗೂ ಹಳೇ ಜಗಳ ಏನಾದರೂ ಇದೆಯಾ ಎಂದು ನಮ್ಮೆಜಮಾನರನ್ನು ಕೇಳುತ್ತಿದ್ದರು. ಹಿರಿಯರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದೇಬಿಟ್ಟರು. ಮಗಳು ನನ್ನ ಮುಖ ನೋಡಿದಳು. ನನಗೆ ಅಳು ಬಂತು. ಬಾಯಿಬಿಟ್ಟರೆ ಹುಡುಗನ ತಾಯಿಯ ಗುಟ್ಟು ರಟ್ಟಾಗುತ್ತದೆ, ಬಿಡದಿದ್ದರೆ ಮಗಳ ಸಂಬಂಧ ಮುರಿಯುತ್ತದೆ.

ಆಕೆಯೇ ತಟ್ಟೆ ಕೆಳಗಿಟ್ಟರು. "ಜಗಳ ಎಂಥದ್ದೂ ಇಲ್ಲ ಕಣ್ರೀ. ನಾನು ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಂತೀನಿ. ಅದರ ಮೀಟಿಂಗಲ್ಲಿ ಇವ್ರು ಸಿಕ್ಕಿದ್ರು. ಹೊರಗೆ ಗುರ್ತು ಹಿಡೀಬಾರ್ದು ಅಂತ ಇವ್ರೇ ಹೇಳಿದ್ರು, ಅದಕ್ಕೆ ಸುಮ್ನಿದ್ದೆ."

"ನಾನೂ ತಗೊಂತೀನಿ," ಎಂದೆ. ಮಾತ್ರೆಯ ಹೆಸರು ಹೇಳಿದೆ.

"ನಂದೂ ಅದೇ," ಎಂದರು ಆಕೆ. ಬಂದಾಗಿನಿಂದ ಮೊದಲ ಸಲ ಇಬ್ಬರೂ ಮುಖ ನೋಡಿಕೊಂಡೆವು.

ಇಷ್ಟು ವರ್ಷ ಗುಟ್ಟು ಕಾಪಾಡಿಕೊಂಡು ಬಂದ ಅತ್ತೆ ಅಡುಗೆಮನೆಯಿಂದ ಹೊರಗೆ ಬಂದರು. ಕಥೆ ಮುಗಿಯಿತು ಅಂದುಕೊಂಡೆ. ಅತ್ತೆ ನೇರವಾಗಿ ಹಿರಿಯರ ಮುಂದೆ ನಿಂತು ಸೆರಗು ಸರಿಮಾಡಿಕೊಂಡರು.

"ಬೆಡಗು ಬೇರೆ ಬೇರೆ ಅಂದ್ರಿ, ಸರಿ. ಈಗ ನೋಡಿದ್ರೆ ಮಾತ್ರೆ ಒಂದೇ ಅಂತಾವ್ರೆ. ಇದಕ್ಕೂ ಅಣ್ಣ-ತಂಗಿ ಲೆಕ್ಕ ಬತ್ತದಾ?"

ಹಿರಿಯರು ನಿಜವಾಗಿಯೂ ಯೋಚನೆ ಮಾಡಿದರು. ಹೆಗಲ ಮೇಲಿನ ಟವೆಲ್ ತೆಗೆದು ಪಕ್ಕಕ್ಕಿಟ್ಟು, ಮತ್ತೆ ಚಾಪೆಯ ಮೇಲೆ ಕೂತು ತೀರ್ಪು ಕೊಟ್ಟರು: "ತಾಯಂದಿರದ್ದು ಒಂದಾದ್ರೆ ಬಾಧಕ ಇಲ್ಲ."