ಗಿರಣಿ ಎಂಜಿನ್ನಿನ ಮೋಟಾರು

ಕೆಲವರ ಮನೆಯಲ್ಲಿ ಕೆಲಸಗಳು ನೆಟ್ಟಗೆ ಸುರುವಾಗಿ ನೆಟ್ಟಗೆ ಮುಗಿಯುತ್ತವಂತೆ. ಅಂಥ ಮನೆ ಎಲ್ಲಾದರೂ ಇದ್ದರೆ ತೋರಿಸಿರಿ, ಕೈಮುಗಿದು ಬರುತ್ತೇನೆ. ನಮ್ಮ ಮನೆಯಲ್ಲಿ ಹಪ್ಪಳ ಒಣಹಾಕಿದರೆ ಬೇಸಿಗೆಯಲ್ಲೂ ಮೋಡ ಬರುತ್ತದೆ. ಇನ್ನು ಮೋಟಾರು ಮಾಡಲು ಕೂತರೆ ಕೇಳಬೇಕೆ?

ಮೋಟಾರಿಗೆ ಕಾರಣ ನಾನೇ. ಧಾರವಾಡದಲ್ಲಿ ಬಿ.ಎ. ಮುಗಿಸಿ, ಗದುಗಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಹದಿನೈದು ವರ್ಷ ಕಲಿಸಿದ ಮೇಲೆ, ಶಿರಹಟ್ಟಿಯಲ್ಲಿ ಹೊಸದಾಗಿ ತೆರೆದ ಹುಡುಗಿಯರ ಹೈಸ್ಕೂಲಿಗೆ ಮುಖ್ಯಾಧ್ಯಾಪಕಿಯಾಗಿ ಬರಬೇಕೆಂದು ಕಾಗದ ಬಂತು. ದೀಪಾವಳಿ ಮುಗಿದ ಸೋಮವಾರ ಹತ್ತೂವರೆಗೆ ಹಾಜರಿರಬೇಕು. ತಪ್ಪಿದರೆ ಕೆಲಸ ಇನ್ನೊಬ್ಬರಿಗೆ.

ಗುಡಿಯ ಪೂಜೆ ಮಾಡುವ ನಮ್ಮ ಮಾವನವರು ಕಾಗದವನ್ನು ಎರಡು ಸಲ ಓದಿಸಿಕೊಂಡರು. "ಹೋಗವಾ, ಹುಡುಗ್ಯಾರು ಕಲೀಲಿ. ಆದ್ರ ಅಲ್ಲೆ ಒಬ್ಬಾಕಿನಽ ಮನಿ ಮಾಡೋದು ಬ್ಯಾಡ. ದಿನಾ ದೀಪಾ ಹಚ್ಚೋದ್ರೊಳಗ ಮನ್ಯಾಗ ಇರಬೇಕು ನೋಡು," ಎಂದರು. ಗದುಗಿನಿಂದ ಇದ್ದದ್ದು ಒಂದೇ ಬಸ್ಸು. ಅದು ಮಧ್ಯಾಹ್ನ ಶಿರಹಟ್ಟಿ ಮುಟ್ಟಿ, ಅಲ್ಲೇ ವಸ್ತಿ ಮಾಡಿ, ಮರುದಿನ ಹೊರಳಿ ಬರುತ್ತಿತ್ತು.

ನಮ್ಮವರು ವಿಜ್ಞಾನದ ಮಾಸ್ತರರು. "ಇಷ್ಟಽ ಹೌದಲ್ಲೊ? ಒಂದು ಮೋಟಾರು ಮಾಡಿದ್ರಾತು," ಎಂದರು, ಶ್ಯಾವಿಗೆ ಮಾಡಿದರಾಯಿತು ಎನ್ನುವ ಧಾಟಿಯಲ್ಲಿ. ಬೆಟಗೇರಿಯಲ್ಲಿ ಅವರ ಗೆಳೆಯರಾದ ಒಬ್ಬ ಮಿಸ್ತ್ರಿ ಇದ್ದರು. ಯುದ್ಧದ ಕಾಲಕ್ಕೆ ದಂಡಿನಲ್ಲಿ ಮೋಟಾರು ನಡೆಸಿ ಬಂದ ಸಾಹೇಬರು. "ಕೂಡಸೋದು ನಾವಿಬ್ರೂ, ದಿನಾ ನಡಸೋದು ನಾ. ಅಕ್ಕೋರು ಆರಾಮ ಕುಂತು ಹೋಗಲಿ," ಎಂದು ಅವರು ಮಾತು ಕೊಟ್ಟರು. ನಾನೂ ನಂಬಿದೆ. ಆಸೆ ಇದ್ದವರು ನಂಬಲೇಬೇಕಲ್ಲ.

೧. ಕನ್ಯಾ ನೋಡುವ ಶಾಸ್ತ್ರ

ಮುಂಡರಗಿಯ ಒಬ್ಬ ಎಣ್ಣೆ ವ್ಯಾಪಾರಿಯಲ್ಲಿ ಎಂಜಿನ್ನು ಇದೆಯೆಂದು ಖಬರು ಬಂತು. ಮನೆಗೆ ಹೊಸದೇನು ತರುವುದಿದ್ದರೂ ನಾಲ್ಕು ಜನ ಹೋಗಿ ನೋಡಿಬರುವುದು ನಮ್ಮ ಪದ್ಧತಿ. ಮಾವನವರು, ನಮ್ಮವರು, ಮಿಸ್ತ್ರಿ, ನಾನು, ನಾಲ್ಕೂ ಜನ ಹೋದೆವು.

ವ್ಯಾಪಾರಿಗೂ ಪದ್ಧತಿ ಗೊತ್ತಿತ್ತು. ಜಮಖಾನೆ ಹಾಸಿ, ಅವಲಕ್ಕಿ ಚಹಾ ಕೊಟ್ಟ. ಎಂಜಿನ್ನಿಗೆ ಅರಿಷಿಣ ಕುಂಕುಮ ಹಚ್ಚಿ, ಸೇವಂತಿಗೆ ಮಾಲೆ ಹಾಕಿ ಮಣೆಯ ಮೇಲೆ ಕೂಡ್ರಿಸಿದ್ದ.

ಮಾವನವರು ಗಂಭೀರವಾಗಿ, "ಸ್ವಭಾವ ಹೆಂಗ?" ಎಂದರು.

"ಬಾಳ ಶಾಂತ ರೀ ಆಚಾರ್ರ. ಎಂಟು ವರ್ಷದಾಗ ಒಂದಿನಾ ತಕರಾರು ಮಾಡಿಲ್ಲ. ಎಣ್ಣಿ ಕುಡಿಯೂದಂತೂ ಇಲ್ಲಽ ಇಲ್ಲ."

ಮಿಸ್ತ್ರಿ ಮಾಲೆ ಸರಿಸಿ ಒಳಗೆ ಕೈ ಹಾಕಿದರು. ಹೊರಗೆ ತೆಗೆದಾಗ ಅಂಗೈಯಲ್ಲಿ ಮೂರು ಗುಬ್ಬಿ ತತ್ತಿ.

"ಪಿಸ್ಟನ್ನು ಎಲ್ಲೈತ್ರಿ?"

"ಅದೊಂದಿಲ್ಲ ನೋಡ್ರಿ."

ಮಿಸ್ತ್ರಿ ತತ್ತಿಗಳನ್ನು ಹಗುರಾಗಿ ಮೊದಲಿನ ಜಾಗದಲ್ಲೇ ಇಟ್ಟರು. ಮಾವನವರು ಶಲ್ಯ ಕೊಡವಿ ಎದ್ದು, ಕನ್ಯಾ ಒಪ್ಪದ ಮನೆಯಲ್ಲಿ ಹೇಳುವ ಮಾತನ್ನೇ ಹೇಳಿದರು: "ಊರಿಗೆ ಹೋಗಿ ಕಾಗದಾ ಹಾಕ್ತೇವಿ."

೨. ಬುಟ್ಟಿಗಳ ಸಾಲು

ಮನಸ್ಸಿಗೆ ಬಂದ ಎಂಜಿನ್ನು ಸಿಕ್ಕದ್ದು ಲಕ್ಷ್ಮೇಶ್ವರದಲ್ಲಿ. ದಂಡಿನವರು ಮಾರಿಬಿಟ್ಟ ಒಂದು ಜೀಪಿನದು. ಜೀಪು ಎಂದೋ ಮಣ್ಣಾಗಿ, ಎಂಜಿನ್ನು ಮಾತ್ರ ಹಿಟ್ಟಿನ ಗಿರಣಿ ತಿರುಗಿಸಿಕೊಂಡಿತ್ತು. ಗಿರಣಿಯವರು ಹೊಸ ಎಂಜಿನ್ನು ತರಿಸುವವರಿದ್ದರು, ಇದನ್ನು ಬಿಚ್ಚಿಕೊಂಡು ಹೋಗಿರೆಂದರು. ಮಿಸ್ತ್ರಿ ನಟ್ಟು ಬಿಚ್ಚುವ ಪಾನಾ ಹಿಡಿದು ಬಗ್ಗಿದ್ದೇ ತಡ, ಜೋಳದ ಬುಟ್ಟಿ ಹೊತ್ತು ಸಾಲಿನಲ್ಲಿ ನಿಂತ ಹೆಂಗಸರು ಸುತ್ತುಗಟ್ಟಿದರು.

"ಏ ಸಾಯಬ, ಮುಟ್ಟಿದ್ರ ನೋಡು ಮತ್ತ! ನಮ್ಮ ಜ್ವಾಳಾ ನಿಮ್ಮತ್ತಿ ಬೀಸಿಕೊಡ್ತಾಳೇನು?"

ಮಿಸ್ತ್ರಿ ಪಾನಾ ಬೆನ್ನಿಗೆ ಮುಚ್ಚಿಟ್ಟುಕೊಂಡು ನನ್ನ ಹಿಂದೆ ನಿಂತರು. ನಮ್ಮವರು ಆಗಲೇ ಗೋಡೆಗೆ ಹತ್ತಿದ್ದ ಯಾವುದೋ ಹಳೆಯ ಕಾಗದವನ್ನು ಬಹಳ ಆಸ್ಥೆಯಿಂದ ಓದುತ್ತಿದ್ದರು. ಉಳಿದವಳು ನಾನು.

ಎಲ್ಲರಿಗೂ ಮುಂದಿದ್ದವಳು ಕೇಳಿದಳು, "ಇದನ್ನ ಒಯ್ದು ಏನು ಮಾಡ್ತೀಯವಾ?"

ಶಿರಹಟ್ಟಿಯ ಸುದ್ದಿ ಹೇಳಿದೆ. ಹುಡುಗಿಯರ ಹೈಸ್ಕೂಲು, ಸೋಮವಾರ, ಹತ್ತೂವರೆ.

ಆಕೆ ಬುಟ್ಟಿ ಇಳಿಸಿದಳು. "ನನ್ನ ಮಗಳು ಏಳನೇತ್ತ ಮುಗಿಸಿ ಮನ್ಯಾಗ ಕುಂತಾಳ. ಅಕಿ ಸೋದರತ್ತಿ ಶಿರಹಟ್ಟ್ಯಾಗ ಅದಾಳ. ತಗೋತೀಯೇನು?"

"ಕಳಸ್ರಿ. ಮೊದಲನೇ ಹೆಸರು ಅಕೀದಽ ಬರೀತೇನಿ."

ಆಕೆ ಹಿಂದೆ ತಿರುಗಿ ಹೆಂಗಸರಿಗೆಲ್ಲ ಗದರಿದಳು: "ಸರೀರೆ ಎಲ್ಲಾರೂ! ಹುಡುಗ್ಯಾರ ಸಾಲಿಗಂತ. ಬಿಚ್ಚಿಕೊಂಡು ಹೋಗಲಿ ಬಿಡ್ರಿ!" ನನ್ನ ಕಣ್ಣು ತೇವವಾಯಿತು. ಆಕೆ ಬುಟ್ಟಿಯನ್ನು ಗಿರಣಿಯ ಬಾಯಿಗೆ ಹಿಡಿದು ಮಾತು ಪೂರೈಸಿದಳು: "ನಂದೊಂದು ಬೀಸಿದ ಮ್ಯಾಲ."

೩. ಮೂರು ರಾಜ್ಯದ ಒಂದು ಗಾಡಿ

ಅದು ಕನ್ನಡನಾಡು ಒಂದಾಗುವ ವರ್ಷ. ಗದುಗಿನವರು ಇನ್ನೂ ಮುಂಬೈ ರಾಜ್ಯದಲ್ಲಿದ್ದೆವು. ಕೊಪ್ಪಳದ ಕಡೆ ಹೋದರೆ ಹೈದರಾಬಾದು, ಹೊಳೆ ದಾಟಿದರೆ ಮೈಸೂರು. ಮೋಟಾರಿನ ಚಾಸಿ ಗದುಗಿನದು, ಹಿಂದಿನ ಗಾಲಿಗಳ ಅಚ್ಚು ಕೊಪ್ಪಳದ್ದು, ಸ್ಟೇರಿಂಗು ಹರಿಹರದ್ದು. ಮೇಲಿನ ಕಟ್ಟಿಗೆ ಕೆಲಸ ಬೆಟಗೇರಿಯಲ್ಲಿ ಮಗ್ಗ ಮಾಡುವ ಬಡಿಗೇರರದು. ಬಾಗಿಲು ಹಾಕಿದರೆ ಒಂದು ಗಜ ಸೀರೆ ನೇಯ್ದಂತೆ ಸಪ್ಪಳ.

ಅಚ್ಚಿನದೇ ಒಂದು ತ್ರಾಸು. ಶಿರಹಟ್ಟಿ ಹಾದಿಯ ಎರಿ ಮಣ್ಣಿನಲ್ಲಿ ಚಕ್ಕಡಿ ಓಡಾಡಿ ಎರಡೂ ಕಡೆ ಕೊರಕಲು, ನಡುವೆ ದಿಬ್ಬ. ಎಂಜಿನ್ನಿನಿಂದ ಅಚ್ಚಿಗೆ ಹೋಗುವ ಶಾಫ್ಟು ಆ ದಿಬ್ಬಕ್ಕೆ ಬಡಿಯುವಷ್ಟು ಕೆಳಗಿತ್ತು. ಮಿಸ್ತ್ರಿ ಒಂದು ಬೀಡಿ ಸೇದುವವರೆಗೆ ವಿಚಾರ ಮಾಡಿ, ಅಚ್ಚನ್ನು ಬೋರಲು ಹಾಕಿ ಜೋಡಿಸಿಬಿಟ್ಟರು. ಶಾಫ್ಟು ನಾಲ್ಕು ಬೆರಳು ಮೇಲೆ ಬಂತು. ನಮ್ಮವರು ವಿಜ್ಞಾನದ ಮಾಸ್ತರರು, "ಶಾಬಾಸ್!" ಎಂದರು.

ನಂಬರು ಕೊಡುವ ಕಚೇರಿಯ ಗುಮಾಸ್ತರು ಪಟ್ಟಿ ಓದಿ ಕನ್ನಡಕ ತೆಗೆದರು. "ಮಾಸ್ತರ, ಮೂರು ರಾಜ್ಯದ ಸಾಮಾನು. ಯಾವ ರಾಜ್ಯದ ಗಾಡಿ ಅಂತ ಬರೀಲ್ರಿ?"

ನಮ್ಮವರು ಎದೆಯುಬ್ಬಿಸಿ, "ಕನ್ನಡನಾಡಿಂದು ಅಂತ ಬರೀರಿ. ಸರಕಾರಕ್ಕಿಂತ ಮೊದಲು ನಾವು ಒಂದು ಮಾಡೇವಿ," ಎಂದರು.

"ಹಂಗಾರ ಸರಕಾರಾನೂ ಒಂದು ಮಾಡಿ ನಿಮ್ಮ ಗಾಡೀನ ಮುಟ್ಟೋತನಕ ತಡೀರಿ."

ದೀಪಾವಳಿ ವಾರದಲ್ಲಿ ರಾಜ್ಯವೂ ಒಂದಾಯಿತು, ನಮಗೆ ನಂಬರೂ ಸಿಕ್ಕಿತು.

೪. ಪ್ರದಕ್ಷಿಣೆ

ರವಿವಾರ ನಡೆಸಿ ನೋಡಬೇಕೆಂದರೆ ಮಾವನವರು ಅಡ್ಡ ಬಂದರು. "ಸೋಮವಾರ ಮುಂಜಾನೆ ಮುಹೂರ್ತ ಅದ. ಅಲ್ಲೀತನಕ ಗಾಲಿ ನೆಲಕ್ಕ ಹತ್ತಬಾರದು." ಹೀಗಾಗಿ ಅಚ್ಚಿನ ಕೆಳಗೆ ಕಲ್ಲು ಕೊಟ್ಟು, ಗಾಲಿಗಳನ್ನು ಗಾಳಿಯಲ್ಲೇ ತಿರುಗಿಸಿದೆವು. ಎಂಜಿನ್ನು ಒಂದು ಸಲ ಸೀನಿ, ಓಣಿಯ ಮೇಲೆಲ್ಲ ಲಕ್ಷ್ಮೇಶ್ವರದ ಜೋಳದ ಹಿಟ್ಟು ಉಗುಳಿ, ಸುರುವಾಯಿತು. ಗಾಲಿ ಗರಗರ ತಿರುಗಿದವು. ಅತ್ತೆಯವರು ಆರತಿ ಎತ್ತಿದರು.

ಗಾಡಿಯ ಬಲಕ್ಕೆ ನಿಂತ ಮಾವನವರು ಒಬ್ಬರೇ ಮುಖ ಗಂಟಿಕ್ಕಿದರು. "ನಿಂದರಸ್ರಿ! ಗಾಲಿ ಅಪ್ರದಕ್ಷಿಣ ತಿರಗ್ಲಿಕತ್ಯದ!"

ಎಡಕ್ಕಿದ್ದ ಮಿಸ್ತ್ರಿ ಕರೆದರು. "ಈ ಕಡೆ ಬಂದು ನೋಡ್ರಿ ಆಚಾರ್ರ, ಚೊಲೋತ್ನಂಗ ಪ್ರದಕ್ಷಿಣ ಐತಿ."

ಮಾವನವರು ಎಡಕ್ಕೆ ಬಂದು ನೋಡಿದರು. ಖರೆ, ಪ್ರದಕ್ಷಿಣವೇ. "ಹಂಗಾದ್ರ ಅಡ್ಡಿ ಇಲ್ಲ," ಎಂದು ಸಮಾಧಾನಪಟ್ಟರು. ವಿಜ್ಞಾನದ ಮಾಸ್ತರರೂ ಮಿಸ್ತ್ರಿಯೂ ಇದ್ದಲ್ಲಿ, ಸರಿ ಹೇಳಿದವರು ಗುಡಿಯ ಪೂಜೆ ಮಾಡುವ ಅವರೊಬ್ಬರೇ.

೫. ಸೋಮವಾರ

ಮುಂಜಾನೆ ಗಾಡಿಯನ್ನು ಶಿರಹಟ್ಟಿಯ ಕಡೆ ಮುಖ ಮಾಡಿ ನಿಲ್ಲಿಸಿದೆವು. ಮಾವನವರು ತೆಂಗಿನಕಾಯಿ ಒಡೆದು, ಮುಂದಿನ ಗಾಲಿಗಳ ಮುಂದೆ ನಿಂಬೆಹಣ್ಣು ಇಟ್ಟರು. ಅವರಿಗೆ ಬೆಟಗೇರಿಯಲ್ಲಿ ಒಬ್ಬರ ಮನೆಯ ಪೂಜೆ. "ದೀಪಾ ಹಚ್ಚೋದ್ರೊಳಗ ಬಾರವಾ," ಎಂದು ಅವಸರದಲ್ಲಿ ಹೋದರು.

ಮಿಸ್ತ್ರಿ ಮೊದಲ ಗೇರು ಹಾಕಿದರು. ಗಾಡಿ ಹಿಂದಕ್ಕೆ ಬಂತು. ಎರಡನೆಯದು ಹಾಕಿದರು. ಜೋರಾಗಿ ಹಿಂದಕ್ಕೆ ಬಂತು. ಮೂರನೆಯದಕ್ಕೆ ಅತ್ತೆಯವರು ಕಟ್ಟೆ ಹತ್ತಿದರು. ಹಿಂದಕ್ಕೆ ಹೋಗುವ ಗೇರು ಹಾಕಿದಾಗ ಮಾತ್ರ ಗಾಡಿ ನಾಚುತ್ತ ಮುಂದಕ್ಕೆ ತೆವಳಿತು. ಅಷ್ಟರಲ್ಲಿ ಅಂತೂರ ಬೆಂತೂರದ ಒಂದು ಚಕ್ಕಡಿ ನಮ್ಮನ್ನು ದಾಟಿ ಹೋಯಿತು.

ಮಿಸ್ತ್ರಿ ಹಣೆ ಬಡಿದುಕೊಂಡರು. "ಅಚ್ಚು ಬೋರಲು ಹಾಕೇವಲ್ರಿ ಅಕ್ಕೋರ! ಗಾಲಿ ಉಲ್ಟಾ ತಿರಗತಾವು. ಬಿಚ್ಚಿ ಹಾಕಾಕ ಎರಡು ದಿನ ಬೇಕು."

ನನಗಿದ್ದದ್ದು ಎರಡು ತಾಸು. ಹದಿನೈದು ವರ್ಷ ಹುಡುಗಿಯರಿಗೆ ಮುಂದೆ ಹೋಗಿರೆಂದು ಹೇಳಿದವಳು ನಾನು. "ಗಾಡಿ ತಿರುವಿ ನಿಲ್ಲಸ್ರಿ," ಎಂದೆ. "ಹಿಂದ ಹಿಂದಽ ಹೋಗೂಣು."

ಅತ್ತೆಯವರು ನಿಂಬೆಹಣ್ಣು ಎತ್ತಿಟ್ಟುಕೊಂಡರು. ಹೊರಟೆವು. ಮಿಸ್ತ್ರಿ ಕತ್ತು ತಿರುವಿ ಸ್ಟೇರಿಂಗು ಹಿಡಿದರು. ನಮ್ಮವರು ಹಿಂಭಾಗದಲ್ಲಿ ನಿಂತು, "ಎಡಕ್ಕ! ಅಲ್ಲ, ನಿಮ್ಮೆಡಕ್ಕ!" ಎಂದು ಕೂಗುತ್ತಿದ್ದರು. ನಾನು ಮಾತ್ರ ಬಿಟ್ಟುಬಂದ ಗದುಗನ್ನೇ ನೋಡುತ್ತ ಕುಳಿತೆ. ಮಾಗಡಿ ಕೆರೆಯ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದು, ನಮ್ಮನ್ನು ನೋಡಿ, ಯಾವ ಕಡೆ ಹಾರಬೇಕೆಂದು ತಿಳಿಯದೆ ಅಲ್ಲೇ ಸುತ್ತಿದವು.

ಹತ್ತೂ ಇಪ್ಪತ್ತೈದಕ್ಕೆ ಶಾಲೆಯ ಬಾಗಿಲು ಕಂಡಿತು. ಮಾಲೆ ಹಿಡಿದ ಕಮಿಟಿಯ ಅಧ್ಯಕ್ಷರು ಆಗಷ್ಟೇ ಓಣಿಯ ತಿರುವಿನಿಂದ ಬಂದರು. ಅವರಿಗೆ ಕಂಡದ್ದು ಇಷ್ಟು: ಶಾಲೆಯ ಮುಂದೆ ಗದುಗಿನ ಕಡೆ ಮುಖ ಮಾಡಿದ ಮೋಟಾರು, ಎಂಜಿನ್ನು ಸುರುವಿದೆ, ಒಳಗೆ ಮುಖ್ಯಾಧ್ಯಾಪಕಿ ಗದುಗಿನ ಕಡೆಗೇ ನೋಡುತ್ತಿದ್ದಾಳೆ.

"ಅಕ್ಕೋರ! ಹೋಗಬ್ಯಾಡ್ರಿ!" ಧೋತರ ಎತ್ತಿಕೊಂಡು ಓಡಿಬಂದರು. "ತಡಾ ಆತು, ತಪ್ಪಾತು! ಎದುರುಗೊಳ್ಳಾಕ ಯಾರೂ ಇರಲಿಲ್ಲಂತ ಸಿಟ್ಟು ಮಾಡಬ್ಯಾಡ್ರಿ! ಇನ್ನೊಂದು ಕೋಲಿ ಕಟ್ಟಸ್ತೇವಿ! ನೀರಿನ ನಳಾ ಹಾಕಸ್ತೇವಿ! ಗಣಿತಕ್ಕ ಬ್ಯಾರೆ ಟೀಚರು ತಗೋತೇವಿ!"

ನಮ್ಮವರು ಬಾಯಿ ತೆರೆದರು. ನಾನು ಅವರ ಕಾಲು ತುಳಿದೆ. ಬಹಳ ವಿಚಾರ ಮಾಡಿದವಳ ಹಾಗೆ ಸಾವಕಾಶ ಇಳಿದು, "ಇಷ್ಟು ಹೇಳ್ತೀರಂದ್ರ ಇರ್ತೇನಿ," ಎಂದೆ. ಬಾಗಿಲಲ್ಲಿ ಲಕ್ಷ್ಮೇಶ್ವರದ ಬುಟ್ಟಿಯಾಕೆಯ ಮಗಳು ಪಾಟಿಚೀಲ ಹಿಡಿದು ನಿಂತಿದ್ದಳು. ಮೊದಲನೇ ಹೆಸರು ಆಕೆಯದೇ ಬರೆದೆ.

ಸಂಜೆಗೆ ಗಾಡಿ ತಿರುವಿ, ಶಿರಹಟ್ಟಿಗೆ ಮುಖ ಮಾಡಿಕೊಂಡು ಗದುಗಿಗೆ ಬಂದೆವು. ಹೊತ್ತು ಮುಳುಗುವುದರೊಳಗೆ ಮನೆಯ ಮುಂದೆ ನಿಂತೆವು. ಇನ್ನೂ ಬತ್ತಿ ಹೊಸೆಯುತ್ತಿದ್ದ ಅತ್ತೆಯವರು ಎದ್ದು ಬಂದು, ಎತ್ತಿಟ್ಟ ನಿಂಬೆಹಣ್ಣನ್ನು ನಾಳಿನ ಸಲುವಾಗಿ ಮತ್ತೆ ಗಾಲಿಯ ಮುಂದಿಟ್ಟರು. ನಾನು ಗೆದ್ದ ಖುಷಿಯಲ್ಲಿ ಇಳಿಯುವುದನ್ನೂ ಮರೆತು ಕುಳಿತಿದ್ದೆ.

ಅಷ್ಟರಲ್ಲಿ ಮಾವನವರು ಬೆಟಗೇರಿಯಿಂದ ಬಂದರು. ಮೋಟಾರು ಮುಂಜಾನೆ ನಿಂತಲ್ಲೇ ನಿಂತಿದೆ, ಮುಖ ಶಿರಹಟ್ಟಿಗೇ ಇದೆ. ಒಳಗೆ ನಾನಿದ್ದೇನೆ, ಗಾಲಿಯ ಮುಂದೆ ನಿಂಬೆಹಣ್ಣು ಇಟ್ಟಂತೆಯೇ ಇವೆ.

ಅವರು ಒಂದು ಗಳಿಗೆ ನೋಡಿ, ಬಹಳ ಅಂತಃಕರಣದಿಂದ ಹತ್ತಿರ ಬಂದರು. "ಮುಹೂರ್ತ ಮೀರಿತು, ಹೋಗ್ಲಿ ಬಿಡವಾ," ಎಂದರು. "ಆದ್ರ ಮುಂಜಾನಿಂದ ಹಿಂಗಽ ಕೂತೀಯಲ್ಲ, ಒಂದು ತುತ್ತು ಊಟಾನರೆ ಮಾಡೀಯೊ ಇಲ್ಲೊ?"